ಗಾಡಿಯ ಬುಷ್, ತೊಟ್ಟಿಲ ಕೊಂಡಿ

ನಮ್ಮ ಗಾಡಿ ದೊಡ್ಡದು. ಏಳು ಜನ ಕೂರುವಂಥದ್ದು. ಹತ್ತುವಾಗ ನನ್ನ ಹೆಂಡತಿ ಪ್ರತಿ ಸಲವೂ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ನನ್ನನ್ನು ಬೈದುಕೊಂಡೇ ಹತ್ತುತ್ತಾಳೆ. ನಾಸಿಕದ ನಮ್ಮ ಸೊಸೈಟಿಯಲ್ಲಿ ಅದನ್ನು ಎರಡು ಕಂಬಗಳ ನಡುವೆ ತೂರಿಸಿ ನಿಲ್ಲಿಸುವುದನ್ನು ನೋಡಲು ಬಾಲ್ಕನಿಗೆ ಬರುವವರೂ ಇದ್ದಾರೆ. ಇಬ್ಬರೇ ಇರುವ ಮನೆಗೆ ಇಷ್ಟು ದೊಡ್ಡ ಗಾಡಿ ಯಾಕೆ ಎಂದು ಕೇಳಿದವರಿಗೆಲ್ಲ ನಾನು ಬೀದರಿನ ದಾರಿ ತೋರಿಸುತ್ತೇನೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುವಾಗ ಅಕ್ಕಂದಿರು, ಅವರ ಗಂಟುಮೂಟೆ, ಜೋಳದ ಚೀಲ ಎಲ್ಲವೂ ಇದರೊಳಗೇ ಹಿಡಿಯಬೇಕು.

ಆ ಗಾಡಿ ಕಳೆದ ಮಳೆಗಾಲದಲ್ಲಿ ಕಿರುಗುಟ್ಟಲು ಶುರುಮಾಡಿತು. ಉಬ್ಬು ಹತ್ತಿದಾಗ ಒಂದು 'ಕಿರ್ರ್', ಇಳಿದಾಗ ಒಂದು 'ಕುಂಯ್'. ನಾನು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಸದ್ದು ಅಂದರೆ ದೂರು. ಕಾರಣ ಗೊತ್ತಾಗದ ಸದ್ದನ್ನು ಹಾಗೇ ಬಿಟ್ಟು ಮನೆಗೆ ಹೋಗುವುದು ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಮನೆಯ ಫ್ಯಾನು, ಬಾಗಿಲಿನ ತಿರುಗಣಿ, ನೆರೆಮನೆಯವರ ಗೇಟು, ಯಾವುದನ್ನೂ ನಾನು ಬಿಟ್ಟವನಲ್ಲ. ಎಣ್ಣೆಯ ಡಬ್ಬಿ ಹಿಡಿದು ನಾನು ಮೆಟ್ಟಿಲಿಳಿದರೆ ಸೊಸೈಟಿಯ ಕಾವಲುಗಾರ ತಾನಾಗಿಯೇ ಗೇಟು ತೆರೆದು ಪಕ್ಕಕ್ಕೆ ಸರಿಯುತ್ತಾನೆ.

ಆದರೂ ಗಾಡಿಯ ಈ ಸದ್ದಿಗೆ ನಾನು ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣ ಬೇರೆ ಇತ್ತು. ಮಗಳು ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ದಸರೆ ಆದ ಮೇಲೆ ತಾಯಿ ಮಗು ಇಬ್ಬರನ್ನೂ ಸಂಭಾಜಿನಗರಕ್ಕೆ, ಅವಳ ಗಂಡನ ಮನೆಗೆ ಮುಟ್ಟಿಸಬೇಕಿತ್ತು. ಅವಳ ರಜೆ ಮುಗಿಯುತ್ತಿತ್ತು. ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಅವಳಿಗೆ ಒಳ್ಳೆಯ ಕೆಲಸ, ಅವಳು ಇಷ್ಟಪಟ್ಟು ಮಾಡುವ ಕೆಲಸ. ಕೂಸನ್ನು ಹಗಲು ನೋಡಿಕೊಳ್ಳಬೇಕಾದವರು ನಮ್ಮ ಬೀಗತಿ. ಅವರಿಗೆ ಮೊಣಕಾಲು ನೋವು. ಕೂಸು ತೊಟ್ಟಿಲಲ್ಲಿ ತಾನಾಗಿ ಮಲಗಿದರೆ ಸರಿ, ಎತ್ತಿಕೊಂಡೇ ಓಡಾಡಬೇಕು ಅಂದರೆ ಅವರಿಂದ ಆಗದ ಮಾತು. ಹಾಗಾಗಿ ಮಗಳ ಕೆಲಸ ಉಳಿಯುವುದೂ ಬಿಡುವುದೂ ಒಂದು ಕೂಸಿನ ನಿದ್ದೆಯ ಮೇಲೆ ನಿಂತಿತ್ತು.

ನಮ್ಮ ಮನೆಯಲ್ಲಿ ಕೂಸು ಚೆನ್ನಾಗಿಯೇ ಮಲಗುತ್ತಿತ್ತು. ಬೀದರಿನಿಂದ ಮಾಡಿಸಿ ತಂದ ಮರದ ತೊಟ್ಟಿಲನ್ನು ಹಾಲಿನ ಚಾವಣಿಯ ಹಳೆಯ ಕಬ್ಬಿಣದ ಕೊಂಡಿಗೆ ತೂಗುಹಾಕಿದ್ದೆವು. ತೊಟ್ಟಿಲು ಅತ್ತ ಹೋದರೆ ಆ ಕೊಂಡಿ ಕಿರ್ ಅನ್ನುತ್ತಿತ್ತು, ಇತ್ತ ಬಂದರೆ ಕುಂಯ್ ಅನ್ನುತ್ತಿತ್ತು. ತೊಟ್ಟಿಲು ಕಟ್ಟಿದ ಮೊದಲ ದಿನವೇ ನಾನು ಸ್ಟೂಲು ಹಾಕಿ, ಎಣ್ಣೆಯ ಡಬ್ಬಿ ಹಿಡಿದು ಹತ್ತಿದ್ದೆ. ಹೆಂಡತಿ ಅಡುಗೆಮನೆಯಿಂದಲೇ ನೋಡಿದಳು.

"ಇಳೀರಿ ಕೆಳಗ. ಕೂಸು ಈಗರೆ ಮಲ್ಕೊಂಡದ. ಅದಕ್ಕ ಎಣ್ಣಿ ಗಿಣ್ಣಿ ಏನೂ ಹಚ್ಚಬ್ಯಾಡ್ರಿ."

"ಸದ್ದು ಮಾಡ್ಲಾಕತ್ತದಲ್ಲ."

"ಮಾಡ್ಲಿ ಬಿಡ್ರಿ. ನಿಮಗೇನ್ ಕಚ್ಚತದ?"

ಕೆಳಗಿಳಿದೆ. ಮನೆಯಲ್ಲಿ ನಾನು ಎಣ್ಣೆ ಹಾಕದೆ ಬಿಟ್ಟ ಒಂದೇ ಕಬ್ಬಿಣ ಅದು.

ಗಾಡಿಯ ವಿಷಯ ಎದ್ದದ್ದು ಕೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ. ಆಸ್ಪತ್ರೆಯಿಂದ ಮನೆಯವರೆಗೂ ಕೂಸು ಒಂದೇ ಸಮನೆ ಅತ್ತಿತು. ಪ್ರತಿ ಉಬ್ಬಿಗೂ ಗಾಡಿ ಕಿರ್ರ್ ಅನ್ನುವುದು, ಕೂಸು ಇನ್ನಷ್ಟು ದನಿ ಏರಿಸುವುದು. ಮಗಳ ಕಣ್ಣಲ್ಲೂ ನೀರು. "ಅಪ್ಪಾ, ಇದರ ಆವಾಜಿಗೇ ಎಚ್ಚರ ಆಗ್ಲಾಕತ್ತದ ನೋಡ್ರಿ. ಸಂಭಾಜಿನಗರ ತನಾ ಹ್ಯಾಂಗ ಒಯ್ಯೋದು ಇಕಿನ್ನ?" ಎಂದಳು. ತೊಡೆಗೆ ಸೂಜಿ ಚುಚ್ಚಿಸಿಕೊಂಡ ಕೂಸು ಅಳದೆ ಇನ್ನೇನು ಮಾಡೀತು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಗಳು ಹೊರಡುವುದರೊಳಗೆ ಈ ಗಾಡಿಯ ಬಾಯಿ ಮುಚ್ಚಿಸುತ್ತೇನೆ ಎಂದು ನಾನು ಸ್ಟೀರಿಂಗಿನ ಮೇಲೆ ಕೈಯಿಟ್ಟೇ ಹೇಳಿಬಿಟ್ಟೆ.

ಆಡಗಾಂವ್ ನಾಕಾದ ಹತ್ತಿರ ನನಗೆ ಗುರುತಿನ ಒಂದು ಗ್ಯಾರೇಜಿದೆ. ಅದರ ಮಾಲೀಕ ಮಾತಿನ ಮಲ್ಲ. ಗಾಡಿ ಕೆಟ್ಟಿದ್ದರೂ ನಗುತ್ತಾನೆ, ಸರಿಯಿದ್ದರೂ ನಗುತ್ತಾನೆ. ಗಾಡಿಯನ್ನು ಒಂದು ಸುತ್ತು ಹೊಡೆಸಿಕೊಂಡು ಬಂದು, "ಸಾಹೇಬ, ಗಾಡಿ ಆಹೆ, ಬೋಲಣಾರಚ್" ಎಂದ. ಗಾಡಿ ಅಂದ ಮೇಲೆ ಮಾತಾಡಿಯೇ ಆಡುತ್ತದೆ ಎಂದು ಅವನ ವೇದಾಂತ. ಅವನು ಮೊದಲು ಮುಂದಿನ ಚಕ್ರಗಳ ಕಡೆ ರಬ್ಬರಿನ ಬುಷ್‌ಗಳನ್ನು ಬದಲಿಸಿದ. ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ನಡುವೆ ಕೂರಿಸುವ ರಬ್ಬರಿನ ಬಳೆಗಳು ಅವು. ಸದ್ದು ಹೋಗಲಿಲ್ಲ. ಆಮೇಲೆ ಹಿಂದಿನ ಕಡೆಯವನ್ನೂ ಬದಲಿಸಿದ. ಒಂದು ವಾರ ಗಾಡಿ ಸುಮ್ಮನಿತ್ತು. ಅದು ಬಿಡದೆ ಮಳೆ ಸುರಿದ ವಾರ. ಬಿಸಿಲು ಬಿದ್ದ ಮರುದಿನವೇ ಕಿರ್ರ್-ಕುಂಯ್.

ಅವನು ಗ್ರೀಸಿನ ಪಿಚಕಾರಿ ಹಿಡಿದು ಗಾಡಿಯ ಕೆಳಗೆ ತೂರಲು ಹೊರಟಾಗ ಮಾತ್ರ ನಾನು ಅವನ ಕಾಲು ಹಿಡಿದು ಎಳೆದೆ. ಪೆಟ್ರೋಲಿನ ಜಾತಿಯ ಗ್ರೀಸು ರಬ್ಬರಿಗೆ ತಾಗಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಹಾಗೆ ಮಾಡಿದವನಿಗೆ ಅವತ್ತು ಊಟ ಇಳಿಯದ ಹಾಗೆ ಬೈಗುಳ ಬೀಳುತ್ತಿತ್ತು. ಅದನ್ನು ನನಗೆ ಬಂದ ಮರಾಠಿಯಲ್ಲಿ ವಿವರಿಸಿದೆ. ಅವನು ನಕ್ಕು ನನಗೆ ಚಹಾ ತರಿಸಿದ. ಇನ್ನು ಮುಂದೆ ಈ ಗಾಡಿ ನನ್ನದು, ನೀನು ಮುಟ್ಟಬೇಡ ಎಂದು ಹೇಳಿ, ಚಹಾ ಕುಡಿದು ಮನೆಗೆ ಬಂದೆ.

ಅಲ್ಲಿಂದ ನಮ್ಮ ಪಾರ್ಕಿಂಗಿನ ಸಂಜೆಗಳು ಶುರುವಾದವು. ಮೊದಲು ನಾನೊಬ್ಬನೇ ಹಿಂದಿನ ಬಂಪರ್ ಮೇಲೆ ಕಾಲಿಟ್ಟು ಗಾಡಿಯನ್ನು ಮೇಲೆ ಕೆಳಗೆ ಅಲುಗಿಸಿ ನೋಡಿದೆ. ಸದ್ದೇ ಇಲ್ಲ. ಖಾಲಿ ಗಾಡಿ ಸಂಭಾವಿತನ ಹಾಗೆ ಸುಮ್ಮನಿತ್ತು. ಹಿಂದಿನ ಸೀಟಿನಲ್ಲಿ ಜನ ಕೂತರೆ ಮಾತ್ರ ಅದು ದನಿ ತೆಗೆಯುತ್ತದೆ ಎಂದು ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಸರಿ, ಭಾರ ಬೇಕಲ್ಲ. ಮನೆಯಲ್ಲಿ ಇರುವ ಭಾರ ಅಂದರೆ ಹೆಂಡತಿ, ಮಗಳು, ಮಗಳ ತೊಡೆಯ ಮೇಲಿನ ಕೂಸು.

"ನಮ್ಮನ್ನೇನು ಜೋಳದ ಚೀಲ ಮಾಡೀರಿ?" ಎಂದು ಹೆಂಡತಿ ಮೂಗು ಮುರಿದಳು. ಆದರೂ ಹತ್ತಿ ಕೂತಳು. ಕೂತ ಮೇಲೆ ಮಟಕಿ ಕಾಳು ಹಸನು ಮಾಡುವ ತಾಟನ್ನೂ ಅಲ್ಲಿಗೇ ತರಿಸಿಕೊಂಡಳು.

ದಿನಾ ಸಂಜೆ ಹೀಗೇ ನಡೆಯಿತು. ನಾನು ಬಂಪರ್ ಮೇಲೆ ಭಾರ ಹಾಕಿ ಗಾಡಿಯನ್ನು ತೂಗುವುದು, ಕೆಳಗೆ ಬಗ್ಗಿ ಕಿವಿಗೊಡುವುದು, ಮತ್ತೆ ಎದ್ದು ತೂಗುವುದು. ಬಾಗಿಲು ತೆರೆದಿರುತ್ತಿತ್ತು. ಗೋದಾವರಿಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ತಾಯಿ ಮಗಳು ಊರಿನ ಮಾತು, ನಾದಿನಿಯ ಮಾತು, ಕೂಸಿಗೆ ಯಾರ ಮೂಗು ಬಂದಿದೆ ಎಂಬ ಮಾತು ಆಡುತ್ತಿದ್ದರು. ಕೂಸು ಸ್ವಲ್ಪ ಹೊತ್ತು ಗಾಡಿಯ ಚಾವಣಿ ನೋಡಿ, ಬಾಯಲ್ಲಿ ಬೆರಳಿಟ್ಟುಕೊಂಡು ಹಾಗೇ ನಿದ್ದೆಹೋಗುತ್ತಿತ್ತು. ಗಾಳಿಗೆ ಮಲಗಿದೆ ಎಂದುಕೊಂಡೆ. ಸದ್ದು ಹುಡುಕುವವನ ಕಿವಿಗೆ ಸದ್ದು ಬಿಟ್ಟು ಬೇರೇನೂ ಬೀಳುವುದಿಲ್ಲ. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ ಎಂದು ಈಗ ಗೊತ್ತಾಗುತ್ತದೆ.

ದಾರಿ ತೋರಿಸಿದ್ದು ಆ ಮಳೆಯ ವಾರ. ಒದ್ದೆಯಾದಾಗ ಸದ್ದು ನಿಂತು, ಒಣಗಿದಾಗ ಮರಳುವುದಾದರೆ ತಪ್ಪು ರಬ್ಬರಿನಲ್ಲೇ ಇದೆ. ಹಾಗಿದ್ದರೆ ಒಂದೊಂದೇ ಬುಷ್ ಅನ್ನು ಒದ್ದೆ ಮಾಡಿ ನೋಡಬೇಕು, ಯಾವುದು ಒದ್ದೆಯಾದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಹೆಂಡತಿ ತುಳಸಿ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯನ್ನು ಎತ್ತಿಕೊಂಡು ಬಂದೆ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿದೆ. ನಾನು ಕೆಳಗಿರುವಾಗ ತೂಗುವ ಕೆಲಸವನ್ನು ಕಾವಲುಗಾರನಿಗೆ ಒಪ್ಪಿಸಿದೆ. ಒಂದಕ್ಕೆ ನೀರು ಚಿಮುಕಿಸುವುದು, ತೂಗಿಸುವುದು, ಕೇಳುವುದು. ಕಿರ್ರ್. ಇನ್ನೊಂದಕ್ಕೆ. ಕಿರ್ರ್.

ಕೊನೆಗೆ ಸಿಕ್ಕಿತು. ಹಿಂದಿನ ಚಕ್ರಗಳ ಅಚ್ಚು ಅತ್ತಿತ್ತ ಸರಿಯದ ಹಾಗೆ ಹಿಡಿದಿಡುವ ಒಂದು ಅಡ್ಡ ಸರಳಿದೆ. ಅದರ ಎಡತುದಿಯ ಬುಷ್. ಹಳೆಯದು ಸವೆದು ಕಿರುಗುಟ್ಟುತ್ತಿತ್ತು, ಅದರ ಜಾಗದಲ್ಲಿ ಗ್ಯಾರೇಜಿನವನು ಆಗಷ್ಟೇ ಹೊಸದಾಗಿ ಕೂರಿಸಿದ್ದ ಬುಷ್ಷೇ ಅದು. ಅವನು ಗಾಡಿಯನ್ನು ಮೇಲೆತ್ತಿ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದ. ಹಾಗೆ ಬಿಗಿದರೆ, ಗಾಡಿ ಕೆಳಗಿಳಿದು ಭಾರ ಬಿದ್ದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ, ನರಳುತ್ತಲೇ ಇರುತ್ತದೆ. ಬಿಗಿಯಬೇಕಾದದ್ದು ಗಾಡಿ ತನ್ನ ಕಾಲ ಮೇಲೆ ನಿಂತು, ತನ್ನ ಭಾರವನ್ನು ತಾನೇ ಹೊತ್ತಿರುವಾಗ. ಒಂದು ರವಿವಾರ ಬೆಳಿಗ್ಗೆ ಆ ಬುಷ್ ತೆಗೆದು ಇನ್ನೊಂದು ಹಾಕಿ, ಜಾಕ್ ಇಳಿಸಿ, ತಾಯಿ ಮಗಳನ್ನೂ ಕೂಸನ್ನೂ ಒಳಗೆ ಕೂರಿಸಿ, ಆಮೇಲೆ ಕೆಳಗೆ ತೂರಿ ಬೋಲ್ಟ್ ಬಿಗಿದೆ. ಸ್ಪ್ಯಾನರ್ ಒರೆಸಿ ಎದ್ದೆ. ಬಂಪರ್ ಮೇಲೆ ಜೋರಾಗಿ ಭಾರ ಹಾಕಿದೆ.

ಗಾಡಿ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಗ್ಯಾರೇಜಿನವನಿಗೆ ಫೋನು ಮಾಡಿ ಹೇಳಿದೆ. ಅವನು ನನಗಿಂತ ಹೆಚ್ಚು ಖುಷಿಪಟ್ಟ. ಒಳಗೆ ಕೂಸು ಕಣ್ಣು ಬಿಟ್ಟುಕೊಂಡು ಇತ್ತು. ಅವತ್ತು ಮಲಗಲಿಲ್ಲ. ಯಾರೂ ಅದಕ್ಕೆ ಮಹತ್ವ ಕೊಡಲಿಲ್ಲ.

ದಸರೆ ಆದ ಮೇಲೆ ಒಂದು ಒಳ್ಳೆಯ ದಿನ ನೋಡಿ ಹೊರಟೆವು. ತವರಿನಿಂದ ಕೂಸು ಹೊರಡುವಾಗ ತೊಟ್ಟಿಲೂ ಜೊತೆಗೆ ಹೋಗಬೇಕು, ನಮ್ಮಲ್ಲಿ ಅದು ಪದ್ಧತಿ. ತೊಟ್ಟಿಲನ್ನು ಬಿಚ್ಚಿ ಗಾಡಿಯ ನೆತ್ತಿಗೆ ಕಟ್ಟಿದೆ. ಹಾಲಿನ ಚಾವಣಿಯಲ್ಲಿ ಕೊಂಡಿ ಒಂದೇ ಉಳಿಯಿತು. ಹೆಂಡತಿ ಕೂಸಿಗೆ ದೃಷ್ಟಿ ತೆಗೆದು, ತೆಂಗಿನಕಾಯಿಯನ್ನು ಚಕ್ರದ ಮುಂದೆ ಒಡೆದು, ಹೊರಗೆ ನಗುತ್ತ ಒಳಗೆ ಅಳುತ್ತ ಹತ್ತಿ ಕೂತಳು. ಅವತ್ತು ನನ್ನನ್ನು ಬೈಯಲಿಲ್ಲ.

ನಿಫಾಡ್ ದಾಟುವವರೆಗೆ ನಾನು ರಾಜನ ಹಾಗೆ ಗಾಡಿ ಓಡಿಸಿದೆ. ರಸ್ತೆಯ ಎರಡೂ ಬದಿ ಆಗಷ್ಟೇ ರೆಂಬೆ ಸವರಿದ ದ್ರಾಕ್ಷಿ ತೋಟಗಳು. ಬೇಕೆಂದೇ ಒಂದೆರಡು ಉಬ್ಬುಗಳನ್ನು ಜೋರಾಗಿ ಹತ್ತಿಸಿ ಇಳಿಸಿದೆ. ಸದ್ದಿಲ್ಲ. ಕನ್ನಡಿಯಲ್ಲಿ ಮಗಳನ್ನು ನೋಡಿದೆ, ಹೊಗಳಲಿ ಎಂದು. ಅವಳ ಗಮನ ಕೂಸಿನ ಮೇಲಿತ್ತು. ಕೂಸು ಮಿಸುಕಾಡುತ್ತಿತ್ತು. ವಿಂಚೂರಿನಲ್ಲಿ ಉಳ್ಳಾಗಡ್ಡಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಮುಲುಗತೊಡಗಿತು. ಯೇವಲಾ ಬರುವಷ್ಟರಲ್ಲಿ ಬಾಯಿ ಬಿಟ್ಟು ಅಳುತ್ತಿತ್ತು. ಹಾಲು ಕುಡಿಸಿದರು, ಬಟ್ಟೆ ಬದಲಿಸಿದರು, ಭುಜಕ್ಕೆ ಹಾಕಿಕೊಂಡು ತಟ್ಟಿದರು. ಹೊಟ್ಟೆನೋವೇ, ಸೆಕೆಯೇ, ಏನೂ ತಿಳಿಯಲಿಲ್ಲ. ಮಗಳು ಕಿಟಕಿಯ ಕಡೆ ಮುಖ ಮಾಡಿ, "ಇಲ್ಲೇ ಹಿಂಗಾದ್ರ ಅಲ್ಲಿ ಅತ್ತೀರು ಹ್ಯಾಂಗ ಸಂಭಾಳಿಸ್ತಾರ ಅಪ್ಪಾ? ನಾ ನೌಕರಿ ಬಿಡಬೇಕಾಗ್ತದ ಅನಸ್ತದ" ಎಂದಳು. ಇಷ್ಟು ಚಂದ ಮಾಡಿದ ಗಾಡಿಯಲ್ಲಿ ಅವಳು ಇಂಥ ಮಾತು ಆಡಬೇಕೇ ಎಂದು ನನಗೆ ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ವೈಜಾಪುರದ ಹೊರಗೆ ಒಂದು ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆ. ಹೆಂಡತಿ ಕೂಸನ್ನು ಎತ್ತಿಕೊಂಡು ಅಂಗಡಿಯ ನೆರಳಿಗೆ ಹೋದಳು. ಅಲ್ಲಿ ಒಂದು ತಗಡಿನ ಬೋರ್ಡು ಎರಡು ಸರಪಳಿಗಳಿಗೆ ತೂಗುತ್ತಿತ್ತು. ಗಾಳಿ ಬೀಸಿದಾಗ ಅದು ಕಿರ್ರ್ ಎಂದು ಅತ್ತ ಹೋಗಿ ಕುಂಯ್ ಎಂದು ಇತ್ತ ಬರುತ್ತಿತ್ತು. ಕೂಸು ಅಳು ನಿಲ್ಲಿಸಿತು. ಕತ್ತು ಎತ್ತಿ ಆ ಕಡೆ ಕಿವಿಗೊಟ್ಟಿತು. ನಾವು ಚಹಾ ಮುಗಿಸುವುದರೊಳಗೆ ಅದರ ರೆಪ್ಪೆಗಳು ಭಾರವಾಗಿದ್ದವು.

"ಈ ಬೋರ್ಡಿನ ಸರಪಳಿಗಿ ಎಣ್ಣಿ ಇಲ್ಲದೆ ಎಷ್ಟು ದಿನ ಆಗ್ಯಾದೋ" ಎಂದೆ ನಾನು.

ಹೆಂಡತಿ ನನ್ನನ್ನು ಬಹಳ ಹೊತ್ತು ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ನೋಟ ನನಗೆ ಚೆನ್ನಾಗಿ ಗೊತ್ತು, ಆದರೆ ಅದರ ಅರ್ಥ ಯಾವಾಗಲೂ ತಡವಾಗಿಯೇ ತಿಳಿಯುತ್ತದೆ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಕೂಸು ಮತ್ತೆ ಎಚ್ಚರಾಗಿ ಅಳಲು ಶುರುಮಾಡಿತು. ದೌಲತಾಬಾದಿನ ಕೋಟೆಯ ಕೆಳಗೆ ಸೀತಾಫಲ ಕೊಳ್ಳಲು ನಿಂತಾಗಲೂ ಅಳುತ್ತಲೇ ಇತ್ತು. ಹಣ್ಣು ಮಾರುವ ಹೆಂಗಸು ತಾನೂ ಎತ್ತಿಕೊಂಡು ಆಡಿಸಿ ನೋಡಿದಳು, ಆಗಲಿಲ್ಲ.

ಸಂಭಾಜಿನಗರದ ಮನೆಯಲ್ಲಿ ಬೀಗತಿ ಬಾಗಿಲಲ್ಲೇ ಆರತಿ ಹಿಡಿದು ನಿಂತಿದ್ದರು. ಕಲಬುರಗಿಯ ಕಡೆಯವರು, ಬಾಯಿ ತುಂಬ ಮಾತು. "ಬರ್ರಿ ಬರ್ರಿ, ನಮ್ಮ ಲಕ್ಷ್ಮಿ ಬಂದಳು ನೋಡ್ರಿ" ಎಂದು ಕೂಸನ್ನು ಎತ್ತಿಕೊಂಡವರು, ಮೊಣಕಾಲು ಹಿಡಿದುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತರು. ಅಳಿಯ ಮಾತು ಕಡಿಮೆ, ಕೆಲಸ ಹೆಚ್ಚು. ಕೂಸು ಬರುತ್ತದೆಂದು ಚಾವಣಿಗೆ ಹೊಸ ಕೊಂಡಿ ಹಾಕಿಸಿಟ್ಟಿದ್ದ. ಒಳಗೆ ಬೇರಿಂಗ್ ಇರುವ, ಹೊಳೆಯುವ ಉಕ್ಕಿನ ಕೊಂಡಿ. "ಮಾಮಾ, ನೋಡ್ರಿ, ಜರಾನೂ ಆವಾಜ್ ಇಲ್ಲ. ನಿಮಗ ಪಸಂದ್ ಆಗ್ತದಂತ ಹುಡುಕಿ ತಂದೀನಿ" ಎಂದ. ನಿಜವಾಗಿಯೂ ಪಸಂದಾಯಿತು. ಅವನ ಬೆನ್ನು ತಟ್ಟಿದೆ. ಇಬ್ಬರೂ ಸೇರಿ ತೊಟ್ಟಿಲು ತೂಗುಹಾಕಿದೆವು. ಅದು ಗಾಳಿಯಲ್ಲಿ ತೇಲಿದ ಹಾಗೆ ಹೋಗಿ ಬಂತು.

ಕೂಸು ಅದರಲ್ಲಿ ಮಲಗಲಿಲ್ಲ. ಬೀಗತಿ ತೂಗಿದರು, ಮಗಳು ತೂಗಿದಳು, ಅಳಿಯ ತೂಗಿದ. ಹಾಸಿಗೆ ಅದೇ, ದುಪ್ಪಟಿ ಅದೇ, ತೊಟ್ಟಿಲೂ ಅದೇ. ಕೂಸು ಕಾಲು ಝಾಡಿಸಿ ಅಳುತ್ತಿತ್ತು. ಬೀಗತಿಯ ಮುಖದಲ್ಲಿ ಭಯ ಕಂಡಿತು, ಮಗಳ ಮುಖದಲ್ಲಿ ಅದಕ್ಕಿಂತ ಹೆಚ್ಚು. ಅವಳು ಗಂಡನಿಗೆ ಮೆಲ್ಲನೆ ಮರಾಠಿಯಲ್ಲಿ ಏನೋ ಹೇಳಿದಳು. ರಾಜೀನಾಮೆ ಎಂಬ ಒಂದು ಮಾತು ನನ್ನ ಕಿವಿಗೆ ಬಿತ್ತು.

ಆಗ ಹೆಂಡತಿ ನನ್ನ ತೋಳು ಹಿಡಿದು ಬಾಲ್ಕನಿಗೆ ಕರೆದೊಯ್ದಳು.

"ನೀವು ಇಡೀ ತಿಂಗಳು ಹುಡುಕಿ ಹುಡುಕಿ ಏನ್ ತೆಗೆದ್ರಿ, ಅದೇ ಆ ಕೂಸಿನ ಜೋಗುಳ ಇತ್ತು. ಮನ್ಯಾಗ ಕೊಂಡಿ ಹಾಡ್ತಿತ್ತು, ಕೆಳಗ ಗಾಡಿ ಹಾಡ್ತಿತ್ತು. ಈಗ ಎರಡೂ ಇಲ್ಲ."

"ಅವತ್ತು ಆಸ್ಪತ್ರಿಯಿಂದ ಬರೋವಾಗ ಅಳ್ತಿತ್ತಲ್ಲ?"

"ಅವತ್ತು ಸೂಜಿ ಚುಚ್ಚಿದ್ರು."

ನಾನು ಬಾಲ್ಕನಿಯ ಕಟಕಟೆ ಹಿಡಿದು ನಿಂತೆ. ಕೆಳಗೆ ನನ್ನ ಗಾಡಿ ಸಂಜೆಯ ಬಿಸಿಲಿನಲ್ಲಿ ಮೌನವಾಗಿ ನಿಂತಿತ್ತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿ ಚಪ್ಪಲಿ ಮೆಟ್ಟಿಕೊಂಡೆ. ಪೇಟೆಗೆ ಹೋಗಬೇಕು ಬಾ ಎಂದು ಅಳಿಯನನ್ನು ಕರೆದೆ.

ಹಳೆಯ ಪೇಟೆಯ ಒಂದು ಕಬ್ಬಿಣದ ಅಂಗಡಿಯಲ್ಲಿ ಅತಿ ಸಾದಾ ಕೊಂಡಿ ಮತ್ತು ಅದಕ್ಕೆ ಸಿಕ್ಕಿಸುವ ಕಬ್ಬಿಣದ ಬಳೆ ಕೇಳಿದೆ. ಅಂಗಡಿಯವನು ಒಳ್ಳೊಳ್ಳೆಯವನ್ನೇ ತೆಗೆದು ತೋರಿಸಿದ. ಬೇಡ, ಆ ಮೂಲೆಯಲ್ಲಿ ತುಕ್ಕು ಹಿಡಿದದ್ದು ಕೊಡು ಎಂದೆ. ಅವನು ಅಳಿಯನ ಮುಖ ನೋಡಿದ. ಅಳಿಯ ನೆಲ ನೋಡಿದ. ಮನೆಗೆ ಬಂದು ಬೇರಿಂಗಿನ ಕೊಂಡಿ ಬಿಚ್ಚಿಸಿ ಇದನ್ನು ಹಾಕಿ ತೂಗಿದೆ. ಸದ್ದಿಲ್ಲ. ಅಂಗಡಿಯಲ್ಲಿ ಹಚ್ಚಿಟ್ಟಿದ್ದ ಎಣ್ಣೆಯ ಜಿಡ್ಡು ಇನ್ನೂ ಇತ್ತು. ಗಾಡಿಯಿಂದ ನನ್ನ ಸಾಮಾನಿನ ಚೀಲ ತಂದು, ಕೊಂಡಿಯನ್ನು ಸೋಪು ಹಾಕಿ ತೊಳೆದು, ಮರಳು ಕಾಗದದಲ್ಲಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಗ್ಯಾಸಿನ ಉರಿಯಲ್ಲಿ ಬೆಚ್ಚಗೆ ಮಾಡಿ ಒಣಗಿಸಿದೆ. ಕೈ ಎಣ್ಣೆಯ ಡಬ್ಬಿಗಾಗಿ ತಾನಾಗಿಯೇ ಚೀಲದೊಳಗೆ ಹೋಗುತ್ತಿತ್ತು. ಅದನ್ನು ತಡೆದುಕೊಂಡದ್ದೇ ಅವತ್ತಿನ ನನ್ನ ದೊಡ್ಡ ಕೆಲಸ.

ಮತ್ತೆ ತೂಗುಹಾಕಿದೆವು. ಮಗಳು ಕೂಸನ್ನು ಮಲಗಿಸಿದಳು. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಸಣ್ಣಗೆ ಏನೋ ಕೇಳಿದಂತಾಯಿತು. ಆಮೇಲೆ ತೆರೆಯಿತು ಅದರ ಗಂಟಲು. ಕಿರ್ರ್. ಕುಂಯ್. ಕೂಸು ಅಳುವುದನ್ನು ಅರ್ಧಕ್ಕೇ ಬಿಟ್ಟಿತು. ಕಣ್ಣು ಅಗಲ ಮಾಡಿ ಮೇಲೆ ನೋಡಿತು. ಬೆರಳು ಬಾಯಿಗೆ ಹೋಯಿತು. ಬೀಗತಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಒಂದು ಕೈಯಿಂದ ಹಗ್ಗ ಎಳೆದು ತೂಗಿದರು, ಮೊಣಕಾಲು ಎತ್ತುವ ಅಗತ್ಯವೇ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ನಿದ್ದೆಹೋಗಿತ್ತು. ಮಗಳು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ನನ್ನ ಕೈಯನ್ನು ಹಿಡಿದುಕೊಂಡಳು. ನನ್ನ ಕೈಯೆಲ್ಲ ತುಕ್ಕಾಗಿತ್ತು, ಅದನ್ನು ಅವಳು ಲೆಕ್ಕಿಸಲಿಲ್ಲ. ಜೀವಮಾನವೆಲ್ಲ ಸದ್ದು ನಿಲ್ಲಿಸಿದ ನಾನು ಒಂದು ಸದ್ದನ್ನು ಮಾಡಿಕೊಟ್ಟದ್ದು ಅದೇ ಮೊದಲು. ಇದಕ್ಕೆ ಯಾವ ಕಾರಣಕ್ಕೂ ಎಣ್ಣೆ ಹಾಕಬೇಡ ಎಂದು ಅಳಿಯನಿಗೆ ತಾಕೀತು ಮಾಡಿ, ಮರುದಿನ ಹೊರಟೆವು.

ಮರಳುವ ದಾರಿಯಲ್ಲಿ ಗಾಡಿ ಬಹಳ ಚೆನ್ನಾಗಿ ಓಡಿತು. ಹೆಂಡತಿ ಪಕ್ಕದಲ್ಲಿ ಸೀತಾಫಲ ಬಿಡಿಸಿ ನನ್ನ ಬಾಯಿಗೂ ಇಡುತ್ತ ಬಂದಳು. ಮಗಳು ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಸಂಜೆ ಫೋನು ಮಾಡಿದಾಗ ಕೂಸು ಮಲಗಿದ್ದರೆ ಮಾತಾಡುವುದಿಲ್ಲ, ಫೋನನ್ನು ತೊಟ್ಟಿಲ ಹತ್ತಿರ ಹಿಡಿಯುತ್ತಾಳೆ. ನಾನು ಕೇಳಿಸಿಕೊಳ್ಳುತ್ತೇನೆ. ಅಭ್ಯಾಸಬಲದಿಂದ ತಪ್ಪು ಹುಡುಕುತ್ತೇನೆ. ತಪ್ಪು ಇರುವುದಿಲ್ಲ.

ಮನೆಗೆ ಬಂದ ಕೆಲ ದಿನಗಳ ಮೇಲೆ, ಹೆಂಡತಿ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಹಾಲಿನಲ್ಲಿ ಒಬ್ಬನೇ ಕೂತಿದ್ದೆ. ಚಾವಣಿಯ ಹಳೆಯ ಕೊಂಡಿ ಖಾಲಿಯಾಗಿ ಜೋತುಬಿದ್ದಿತ್ತು. ಸ್ಟೂಲು ಹಾಕಿ ಹತ್ತಿ, ಬಟ್ಟೆಯ ಕೈಚೀಲವೊಂದನ್ನು ಅದಕ್ಕೆ ತಗುಲಿಸಿ ತೂಗಿದೆ. ಸದ್ದು ಬರಲಿಲ್ಲ. ಇಳಿದು ಹೋಗಿ ಚೀಲದೊಳಗೆ ಒಂದಿಷ್ಟು ಜೋಳ ತುಂಬಿಕೊಂಡು ಬಂದು ತೂಗಿದೆ. ಇನ್ನಷ್ಟು ತುಂಬಿದೆ. ಕೂಸಿನಷ್ಟು ಭಾರವಾಯಿತು ಎಂದು ಕೈಗೆ ಅನಿಸಿದಾಗ ಕೊಂಡಿ ಕಿರ್ರ್ ಎಂದಿತು.

ಹೆಂಡತಿ ಬಂದದ್ದು ಗೊತ್ತಾಗಲಿಲ್ಲ. ಬಾಗಿಲಲ್ಲಿ ತರಕಾರಿಯ ಚೀಲ ಹಿಡಿದು ನಿಂತಿದ್ದಳು.

"ಏನ್ ಮಾಡ್ಲಾಕತ್ತೀರಿ?"

"ಏನಿಲ್ಲ. ಕೊಂಡಿ ಚೆಕ್ ಮಾಡ್ಲಾಕತ್ತೀನಿ. ದೀಪಾವಳಿಗಿ ಬರ್ತಾರಲ್ಲ."

ಅವಳು ತರಕಾರಿ ಕೆಳಗಿಟ್ಟಳು. ಬಂದು ದಿವಾನ್ ಮಂಚದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. "ತೂಗ್ರಿ ಇನ್ನೊಂದು ಸ್ವಲ್ಪ" ಎಂದಳು. ನಾನು ತೂಗಿದೆ.